ಜೋಮು ಹಿಡಿದ ಪಾದಗಳಿಗೆ ಹೆಜ್ಜೆ-ತಾಳದ ಚಿಕಿತ್ಸೆ

ಹೊಗೆನಕಲ್ಲಿಗೆ ನಾವು ಹೋದದ್ದು ಜಲಪಾತವನ್ನು ನೋಡಲು. ಬಿದ್ದ ನೀರು ತುಂತುರಾಗಿ ಮೇಲೆದ್ದು ಕಲ್ಲೇ ಹೊಗೆಯಾಡುವಂತೆ ಕಾಣುವುದರಿಂದ ಆ ಸ್ಥಳಕ್ಕೆ ಈ ಅಚ್ಚಗನ್ನಡದ ಹೆಸರು. ಊರು ಇರುವುದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ. ಕಾವೇರಿಯ ಆಚೆ ದಡ ಕರ್ನಾಟಕ. ನಮ್ಮೊಡನೆ ದೊಡ್ಡಮ್ಮನೂ ಬಂದಿದ್ದರು. ಹಿಂದಿನ ವರ್ಷ ಅವರು ಸ್ತನದ ಕ್ಯಾನ್ಸರಿಗೆ ಕೀಮೋಥೆರಪಿ ಎಂಬ ಔಷಧ ಚಿಕಿತ್ಸೆಯನ್ನು ಮುಗಿಸಿಕೊಂಡಿದ್ದರು.

ಹರಿಗೋಲು ಹತ್ತಲು ಬಂಡೆ ಇಳಿಯುವಾಗ ಅವರ ಎಡಗಾಲಿನ ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಅವರು ಮಾತ್ರ ಇಪ್ಪತ್ತು ಹೆಜ್ಜೆ ಮುಂದೆ ನಡೆದೇ ಬಿಟ್ಟರು. ಮಧ್ಯಾಹ್ನದ ಬಿಸಿಲಿಗೆ ಕಾದ ಬಂಡೆ. ಮಕ್ಕಳು ಅದರ ಮೇಲೆ ಬರಿಗಾಲಿಡಲಾರದೆ ಹಾರುತ್ತಿದ್ದರು. "ದೊಡ್ಡಮ್ಮ, ನಿಮ್ಮ ಚಪ್ಪಲಿ!" ಎಂದು ಕೂಗಿದ ಮೇಲೆಯೇ ಅವರು ಕಾಲು ನೋಡಿಕೊಂಡದ್ದು. "ಅಯ್ಯೋ, ಕಾಲಲ್ಲೇ ಇದೆ ಅಂದುಕೊಂಡಿದ್ದೆ ಕಣೋ" ಎಂದರು. ಸಂಜೆ ನೋಡಿದರೆ ಅಂಗಾಲಿನಲ್ಲಿ ರೂಪಾಯಿ ಅಗಲದ ಬೊಬ್ಬೆ.

ಆಮೇಲೆ ಒಂದೊಂದಾಗಿ ಹೊರಬಂತು. ತಿಂಗಳುಗಳಿಂದ ಅವರು ಗೋಡೆ ಹಿಡಿದು ನಡೆಯುತ್ತಿದ್ದರು. ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ತೂರಾಡುವಂತಾಗುತ್ತಿತ್ತು. ನಾವು ಅದನ್ನು ನಿಶ್ಶಕ್ತಿಯೆಂದು ತಿಳಿದು ರಾಗಿ ಗಂಜಿ ಕುಡಿಸುತ್ತಿದ್ದೆವು! ನಮ್ಮ ಅಜ್ಞಾನಕ್ಕೆ ನಾಚಿಕೊಂಡು ವೈದ್ಯರಲ್ಲಿ ಕೇಳಿ ತಿಳಿದುದನ್ನೂ ಓದಿದುದನ್ನೂ ಇಲ್ಲಿ ಬರೆದಿದ್ದೇವೆ.

ನಮ್ಮ ಸೊಂಟದ ಬಳಿಯಿಂದ ಕಾಲ್ಬೆರಳಿನವರೆಗೆ ಹೋಗುವ ನರದ ಎಳೆ ಸುಮಾರು 1 ಮೀಟರು ಉದ್ದ. ಅಷ್ಟು ದೂರಕ್ಕೆ ಪೋಷಣೆಯ ವಸ್ತುಗಳನ್ನು ಸಾಗಿಸಲು ಎಳೆಯೊಳಗೆ ಅತಿ ಸೂಕ್ಷ್ಮವಾದ ಕೊಳವೆಗಳು ರೈಲುಕಂಬಿಗಳ ಹಾಗೆ ಹಾಸಿವೆ. ಜೀವಕೋಶವೊಂದು ಎರಡಾಗಿ ಒಡೆಯಬೇಕಾದರೂ ಇಂಥವೇ ಕೊಳವೆಗಳು ಬೇಕು. ಕ್ಯಾನ್ಸರ್ ಕೋಶಗಳು ಒಡೆದು ಹೆಚ್ಚದಂತೆ ತಡೆಯಲು ಕೆಲವು ಔಷಧಗಳು ಈ ಕೊಳವೆಗಳನ್ನೇ ಕೆಡಿಸುತ್ತವೆ. ರೋಗದ ಕೋಶ ಯಾವುದು, ನರ ಯಾವುದು ಎಂಬ ಭೇದ ಔಷಧಕ್ಕೆ ಗೊತ್ತಿಲ್ಲ. ಅತಿ ಉದ್ದದ ನರಗಳ ತುದಿ ಮೊದಲು ಸೊರಗುತ್ತದೆ. ಆದ್ದರಿಂದಲೇ ಜೋಮು, ಉರಿ, ಮರಗಟ್ಟುವಿಕೆ ಕಾಲ್ಬೆರಳಲ್ಲಿ ತೊಡಗಿ ಕಾಲುಚೀಲ ತೊಟ್ಟಂತೆ ಮೇಲೇರುತ್ತವೆ. ಬಳಿಕ ಕೈಬೆರಳುಗಳ ಸರದಿ.

ಇಂಥ ಔಷಧಗಳಲ್ಲೊಂದಾದ ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ದೊರೆತದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. ಇನ್ನೊಂದಾದ ವಿನ್‌ಕ್ರಿಸ್ಟೀನ್ ನಮ್ಮ ಅಂಗಳದ ನಿತ್ಯಪುಷ್ಪದ ಗಿಡದ್ದು. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧವೆಂದು ಮಾನ್ಯತೆ ದೊರೆಯಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಬಳಕೆಯಲ್ಲಿದೆ. (ಹಾಗೆಂದು ವಿದ್ಯಾರ್ಥಿ ಮಿತ್ರರು ಆ ಗಿಡದ ಎಲೆ ಅಗಿಯಬಾರದು, ಅದು ವಿಷ.) ಪ್ರಾಣ ಉಳಿಸುವ ಮದ್ದುಗಳಿವು. ಜೋಮು ಬಂತೆಂದು ತಾವಾಗಿ ಚಿಕಿತ್ಸೆ ನಿಲ್ಲಿಸುವುದು ಸಲ್ಲದು, ವೈದ್ಯರಿಗೆ ಹೇಳದೆ ನುಂಗಿಕೊಂಡಿರುವುದೂ ಸಲ್ಲದು. ಹೇಳಿದರೆ ಅವರು ಪ್ರಮಾಣವನ್ನು ಕಡಿಮೆ ಮಾಡಬಹುದು.

ಸರಿ, ಪಾದಕ್ಕೆ ಜೋಮು ಹಿಡಿದರೆ ದೇಹವೇಕೆ ತೂರಾಡಬೇಕು? ನಾವು ನೆಟ್ಟಗೆ ನಿಲ್ಲಲು ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತಿರಬೇಕು: ಕಣ್ಣು, ಒಳಕಿವಿ, ಹಾಗೂ ಪಾದ ಮತ್ತು ಕೀಲುಗಳ ಅರಿವು. ಹರಿಗೋಲಿನಲ್ಲಿ ಕುಳಿತವರಿಗೆ ಇದು ಚೆನ್ನಾಗಿ ಗೊತ್ತು. ಅಂಬಿಗ ಅದನ್ನು ಗಿರಗಿರನೆ ತಿರುಗಿಸಿದಾಗ ಕಣ್ಣು ಒಂದು ಹೇಳುತ್ತದೆ, ಒಳಕಿವಿ ಇನ್ನೊಂದು ಹೇಳುತ್ತದೆ, ನಮಗೆ ತಲೆ ಸುತ್ತುತ್ತದೆ. ಪಾದದ ಸುದ್ದಿ ನಿಂತವರು ಕಣ್ಣನ್ನೇ ನಂಬಿ ನಡೆಯುತ್ತಾರೆ. ಕತ್ತಲಾದರೆ, ಕಣ್ಣು ಮುಚ್ಚಿದರೆ, ಆಧಾರ ತಪ್ಪಿತು. ಪಾದಗಳನ್ನು ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸುವ ರೊಂಬೆರ್ಗ್ ಪರೀಕ್ಷೆಯನ್ನು ವೈದ್ಯರು ಮಾಡುವುದು ಇದನ್ನು ತಿಳಿಯಲಿಕ್ಕೇ.

ಇದರ ನೋವನ್ನು ಕೊಂಚ ತಗ್ಗಿಸುವ ಮಾತ್ರೆಯುಂಟು. ಹೋದ ಸ್ಪರ್ಶವನ್ನು ಮರಳಿಸುವ ಮಾತ್ರೆಯಿಲ್ಲ. ನರ ಚಿಗುರಿದರೂ ದಿನಕ್ಕೆ ಸುಮಾರು 1 ಮಿಲಿಮೀಟರು. ಅಲ್ಲಿಯವರೆಗೆ ಬೀಳದೆ ಇರಬೇಕಲ್ಲ! ಉಳಿದಿರುವ ಅಲ್ಪಸ್ವಲ್ಪ ಸುದ್ದಿಯನ್ನೇ ಮಿದುಳು ಚೆನ್ನಾಗಿ ಬಳಸಿಕೊಳ್ಳುವಂತೆ ಕಲಿಸುವುದೇ ಉಪಾಯ. ಜರ್ಮನಿಯಲ್ಲಿ ಲಿಂಫೋಮ ಎಂಬ ಕ್ಯಾನ್ಸರಿನ 61 ರೋಗಿಗಳಲ್ಲಿ ಕೆಲವರಿಗೆ ಚಿಕಿತ್ಸೆಯ ಜೊತೆಗೇ 36 ವಾರ ಸಮತೋಲದ ವ್ಯಾಯಾಮ ಮಾಡಿಸಿದರು. ಅವರ ಪಾದದ ಅರಿವೂ ನಿಲುವೂ ಉಳಿದವರಿಗಿಂತ ಉತ್ತಮವಾಗಿದ್ದುದು 2014ರಲ್ಲಿ ಪ್ರಕಟವಾಯಿತು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋಗಿ ಅರ್ಜೆಂಟೀನದ ಟ್ಯಾಂಗೊ ನೃತ್ಯವನ್ನೇ ಹಿಡಿದರು. ಪಾರ್ಕಿನ್ಸನ್ ರೋಗಿಗಳಿಗೆ ಅದನ್ನು ಮೊದಲೇ ಮಾಡಿಸಿ ನೋಡಿದ್ದವರಿದ್ದರು. ಓಹಾಯೊದಲ್ಲಿ ಭಾಗವಹಿಸಿದವರು ಕೆಲವೇ ಮಂದಿ. ಆದರೂ ನಿಂತಾಗಿನ ತೂಗಾಟ ಕಡಿಮೆಯಾದದ್ದು ಅಳತೆಗೆ ಸಿಕ್ಕಿತು. ದೊಡ್ಡ ಪ್ರಯೋಗಗಳಾಗದೆ ಇದನ್ನು ರಾಮಬಾಣ ಎನ್ನಲಾಗದು.

ಬರಿಯ ವ್ಯಾಯಾಮ ಸಾಲದೆ, ನೃತ್ಯವೇ ಏಕೆ? ನೃತ್ಯದಲ್ಲಿ ದೇಹದ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುತ್ತದೆ. ಮುಂದೆ, ಹಿಂದೆ, ಪಕ್ಕಕ್ಕೆ ಹೆಜ್ಜೆ ಇಡಬೇಕು. ಮುಂದಿನ ಹೆಜ್ಜೆ ಯಾವಾಗ ಎಂಬುದನ್ನು ತಾಳ ತಿಳಿಸುತ್ತದೆ. ಪಾದ ಹೇಳದ್ದನ್ನು ಕಿವಿ ಹೇಳಿದಂತಾಯಿತು. ಜೊತೆಗಾರರ ಕೈಯೊಂದು ಆಸರೆ. ಎಲ್ಲಕ್ಕಿಂತ ಮುಖ್ಯವಾಗಿ, ವ್ಯಾಯಾಮವನ್ನು ಮೂರೇ ದಿನಕ್ಕೆ ಬಿಡುವವರು ಹಾಡಿದ್ದರೆ ಬಿಡುವುದಿಲ್ಲ.

ಭರತನಾಟ್ಯ ಕಲಾವಿದೆ ಆನಂದ ಶಂಕರ್ ಜಯಂತ್ ಅವರಿಗೆ 2008ರಲ್ಲಿ ಸ್ತನದ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆಯ ನಡುವೆಯೂ ಅವರು ನೃತ್ಯ ಬಿಡಲಿಲ್ಲ. 2009ರಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅದನ್ನು ತಾವೇ ವಿವರಿಸಿದರು. ಅವರದು ಬಾಲ್ಯದಿಂದ ಪಳಗಿದ ದೇಹ, ನಮ್ಮ ದೊಡ್ಡಮ್ಮನದು ಒಲೆ-ಹೊಲ ಕಂಡ ದೇಹ. ಆದ್ದರಿಂದ ಕಾವೇರಿಯಾಚೆಯ ಮಾದಪ್ಪನ ಬೆಟ್ಟದ ಬೀಸು ಕಂಸಾಳೆಯಂಥ ಬಿರುಸಿನ ಕುಣಿತ ನಮಗೆ ಬೇಡವೆನಿಸಿತು. ಕೋಲಾಟ ಸಾಕು. ವೈದ್ಯರನ್ನು ಕೇಳಿದೆವು. ಮೂಳೆಗೆ ರೋಗ ಹರಡಿದ್ದರೆ, ರಕ್ತಕಣಗಳು ಇಳಿದಿದ್ದರೆ, ಗಾಯ ಮಾಗದಿದ್ದರೆ ಕೂಡದು. ದೊಡ್ಡಮ್ಮನಿಗೆ ಅಡ್ಡಿಯಿಲ್ಲ ಎಂದರು.

ಮೊದಲ ವಾರ ಕುರ್ಚಿಯ ಬೆನ್ನು ಹಿಡಿದು ನಿಂತಲ್ಲೇ ತಾಳಕ್ಕೆ ಕಾಲು ಬದಲಿಸಿದರು. ಆಮೇಲೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಕೋಲಾಟ ಕಲಿಯುತ್ತಿದ್ದ ಮೊಮ್ಮಗಳು ಎದುರಿಗೆ ನಿಂತಳು. ಕೋಲು ಒಂದೇ ಕೈಯಲ್ಲಿ. ಇನ್ನೊಂದು ಕೈ ಮೊಮ್ಮಗಳ ಹೆಗಲ ಮೇಲೆ. ಕಾಲಿಗೆ ಹಿಂಬದಿ ಪಟ್ಟಿಯಿರುವ ಚಪ್ಪಲಿ, ಒಣನೆಲ, ತುಂಬ ಬೆಳಕು, ದಿನಕ್ಕೆ ಕಾಲು ಗಂಟೆ. ಒಮ್ಮೆ ಮುಗ್ಗರಿಸಿದರು, ಪುಣ್ಯಕ್ಕೆ ಮಗ್ಗುಲಲ್ಲಿ ಮಂಚವಿತ್ತು. ಹೊಗೆನಕಲ್ಲಿನಲ್ಲಿ ಹೆಸರಾದ ಎಣ್ಣೆ ತಿಕ್ಕುವವರ ಕೈಯಿಂದ ಕಾಲು ನೀವಿಸಿದರೆ ಗುಣವಾಗುವುದೆಂದು ನೆಂಟರು ಹೇಳಿದರು. ನೀವಿದರೆ ಹಿತವಾದೀತು, ಆದರೆ ನರ ಅದರಿಂದ ಚಿಗುರದು. ಮೇಲೆ ಸುರಿಯುವ ಬಿಸಿನೀರು ಸುಟ್ಟರೂ ತಿಳಿಯದವರಿಗೆ ಅಪಾಯವೇ.

ನಾಲ್ಕು ತಿಂಗಳಾದ ಮೇಲೆ ದೊಡ್ಡಮ್ಮ ಗೋಡೆ ಬಿಟ್ಟು ನಡೆಯುತ್ತಿದ್ದಾರೆ. ಜೋಮು ಹೋಗಿಲ್ಲ. ರಾತ್ರಿ ಮಲಗುವ ಮುನ್ನ ಮೊಮ್ಮಗಳು ಅವರ ಎರಡೂ ಅಂಗಾಲುಗಳನ್ನು ದೀಪಕ್ಕೆ ಹಿಡಿದು, ಮುಳ್ಳು, ಬೊಬ್ಬೆ ಏನಾದರೂ ಇದೆಯೇ ಎಂದು ನೋಡುತ್ತಾಳೆ.