ಲೋಗೋ ಬೇರೆ, ಇಂಜಿನ್ ಒಂದೇ

ದಾವಣಗೆರೆಯಿಂದ ಹರಿಹರಕ್ಕೆ ಹೋಗೋ ಡೀಸೆಲ್ ಬಾಡಿಗೆ ಕಾರುಗಳನ್ನ ಸ್ವಲ್ಪ ನೋಡಿ ವೀಕ್ಷಕರೇ. ಸ್ವಿಫ್ಟ್, ಡಿಸೈರ್, ಅಲ್ಲೊಂದು ಇಲ್ಲೊಂದು ಇಂಡಿಕಾ ವಿಸ್ಟಾ, ಅಪರೂಪಕ್ಕೆ ಫಿಯಟ್ ಪುಂಟೊ. ಮಾರುತಿ ಡಿಡಿಐಎಸ್ ಅಂದಿತು, ಟಾಟಾ ಕ್ವಾಡ್ರಾಜೆಟ್ ಅಂದಿತು, ಫಿಯಟ್ ಮಲ್ಟಿಜೆಟ್ ಅಂದಿತು. ಬಾನೆಟ್ ಎತ್ತಿದ್ರೆ ಎಲ್ಲವೂ ಇಟಲಿಯ ಅದೇ 1248 ಸಿಸಿ ಇಂಜಿನ್!

ನಮ್ಮ ಅಪ್ಪಂದಿರ ಕಾಲದ ಪದ್ಮಿನಿಯೂ ಫಿಯಟ್ 1100ರ ಕುಡಿಯೇ, 1089 ಸಿಸಿ ಪೆಟ್ರೋಲ್. ಆಗ ಹೆಸರು ಏನೇ ಇರಲಿ, ಜನ ಕರೀತಿದ್ದದ್ದು ಫಿಯಟ್ ಅಂತಲೇ. 2007ರಲ್ಲಿ ಸ್ವಿಫ್ಟ್ ಡೀಸೆಲ್ ಬಂದಾಗ ಫಿಯಟ್ ಇಂಜಿನ್ ಊರೂರಿಗೆ ಹೋಯ್ತು, ಹೆಸರು ಮಾತ್ರ ಒಳಗೇ ಉಳೀತು. 2009ರ ಪುಂಟೊ ಗಟ್ಟಿ ಕಾರು, ಆದ್ರೂ ಜನ ಮಾರುತಿಯನ್ನೇ ನಂಬಿದ್ರು.

2020ರಲ್ಲಿ ಮಾರುತಿ ಡೀಸೆಲ್ ನಿಲ್ಲಿಸಿತು. ಬಾಡಿಗೆ ಓಡಿಸಿ ಸಂಸಾರ ನಡೆಸೋರಿಗೆ ಈ ಇಂಜಿನ್ ಬೇಕಂದ್ರೆ ಈಗ ಸೆಕೆಂಡ್ ಹ್ಯಾಂಡೇ ಗತಿ. ಅವರಿಗೆ ನಾನು ಹೇಳೋದಿಷ್ಟು: 75 ಕುದುರೆಶಕ್ತಿಯದಕ್ಕೆ ಸಾದಾ ಟರ್ಬೊ, 90ರದಕ್ಕೆ ವೇರಿಯಬಲ್ ಟರ್ಬೊ, ಕೆಟ್ಟರೆ ಎರಡನೆಯದು ಜೇಬು ಸುಡುತ್ತೆ. ಟೈಮಿಂಗ್‌ಗೆ ಇರೋದು ಬೆಲ್ಟಲ್ಲ, ಚೈನು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದಿದ್ರೆ ಚೈನಿಗೂ ಏಟು, ಟರ್ಬೊಗೂ ಏಟು. ಮೀಟರ್ ಹಿಂದಕ್ಕೆ ತಿರುಗಿಸೋ ಜಾಣರಿದ್ದಾರೆ, ಹಾಗಾಗಿ ಆಯಿಲ್ ಬಿಲ್ಲುಗಳನ್ನ ಕೇಳಿ. ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಚೈನಿನ ಕಟಕಟ ಸದ್ದು ಬರುತ್ತಾ ಅಂತ ಕಿವಿಗೊಡಿ.