ಅಂಚೆಚೀಟಿಯ ಮೇಲಿನ ಹಡಗು

ಸುಲೇಪೇಟದಿಂದ ಸಮುದ್ರ ಬಲು ದೂರ. ಸೇಡಂ, ಚಿತ್ತಾಪುರ, ಚಿಂಚೋಳಿ, ಎತ್ತ ಹೋದರೂ ಕಾಣುವುದು ತೊಗರಿಯ ಹೊಲ. ಶಹಾಬಾದ, ವಾಡಿಯ ಕಡೆಗೆ ಹೋದರೆ ಕಲ್ಲಿನ ಗಣಿ. ಹಡಗನ್ನು ಕಣ್ಣಾರೆ ಕಾಣದೆಯೇ ಬಾಳಿದ ಹಿರಿಯರು ಈ ಸೀಮೆಯಲ್ಲಿ ಬಹುಮಂದಿ. ಆದರೂ 1965ರಲ್ಲಿ ಹಡಗೊಂದು ಟಪಾಲಿನ ದಾರಿ ಹಿಡಿದು ಒಳನಾಡಿಗೆಲ್ಲ ಹೊರಟಿತು. ಆ ವರ್ಷದ ಏಪ್ರಿಲ್ 5ರಂದು, ರಾಷ್ಟ್ರೀಯ ನೌಕಾಯಾನ ದಿನದ ನೆನಪಿಗಾಗಿ ಅಂಚೆ ಇಲಾಖೆ 15 ಪೈಸೆಯ ಒಂದು ಚೀಟಿಯನ್ನು ಹೊರತಂದಿತು. ಅದರ ಮೇಲಿದ್ದುದು ವಿಶಾಖಪಟ್ಟಣದ ಬಂದರು ಮತ್ತು ‘ಜಲಉಷಾ’ ಎಂಬ ಸರಕಿನ ಹಡಗು. ನಿಮ್ಮ ಮನೆಯಲ್ಲಿ ಹಳೆಯ ಲಕೋಟೆಗಳ ಕಟ್ಟಿದ್ದರೆ ಒಮ್ಮೆ ಬಿಚ್ಚಿ ನೋಡಿ.

ಇಲ್ಲಿ ಒಂದು ಸೋಜಿಗವಿದೆ. ಏಪ್ರಿಲ್ 5 ಜಲಉಷಾ ಹುಟ್ಟಿದ ದಿನವಲ್ಲ. ಅದು ‘ಲಾಯಲ್ಟಿ’ ಎಂಬ ಇನ್ನೊಂದು ಹಡಗಿನ ದಿನ. 1919ರ ಏಪ್ರಿಲ್ 5ರಂದು, ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಲಾಯಲ್ಟಿ ಮುಂಬಯಿಯಿಂದ ಲಂಡನ್ನಿನ ಕಡೆಗೆ ಹೊರಟಿತು. ದಿನ ಒಂದು ಹಡಗಿನದು, ಚಿತ್ರ ಮತ್ತೊಂದರದು. ಏಕೆ ಹೀಗೆ?

ಲಾಯಲ್ಟಿಯ ಒಡೆತನ ನಮ್ಮದಾಗಿತ್ತು, ಕಟ್ಟಿದ ಕೈ ಪರರದು. 1891ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಆ ಹಡಗು ಮೊದಲು ಕೆನಡಾದ ಕಂಪನಿಯೊಂದಕ್ಕೆ ದುಡಿದು, ಗ್ವಾಲಿಯರ್ ಮಹಾರಾಜರ ಕೈಗೆ ಬಂದು, ಯುದ್ಧಕಾಲದಲ್ಲಿ ಆಸ್ಪತ್ರೆಯ ಹಡಗಾಗಿ, ಕೊನೆಗೆ ಸಿಂಧಿಯಾ ಕಂಪನಿಗೆ ಸೇರಿತು.

ಸ್ವಂತ ಹಡಗಿಗಾಗಿ ಇಷ್ಟು ಹಂಬಲವೇಕೆಂದು ನೀವು ಕೇಳಬಹುದು. ಸಂತೆಗೆ ಮಾಲು ಒಯ್ಯುವ ರೈತನಿಗೆ ಇದು ಹೊಸ ವಿಷಯವಲ್ಲ. ಬಂಡಿ ಯಾರದೋ ಬಾಡಿಗೆ ಹೇಳುವವನೂ ಅವನೇ. ಆಗ ನಮ್ಮ ಕಡಲ ವ್ಯಾಪಾರದ ಬಹುಪಾಲು ಬ್ರಿಟಿಷ್ ಕಂಪನಿಗಳ ಕೈಯಲ್ಲಿತ್ತು. 1906ರಲ್ಲಿ ತೂತ್ತುಕುಡಿಯ ವ. ಉ. ಚಿದಂಬರಂ ಪಿಳ್ಳೆಯವರು ಸ್ವದೇಶಿ ಹಡಗು ಕಂಪನಿಯನ್ನು ಕಟ್ಟಿ ಕೊಲಂಬೋಗೆ ಹಡಗು ನಡೆಸಿದಾಗ, ಎದುರಾಳಿ ಕಂಪನಿ ದರ ಇಳಿಸಿ ಅವರನ್ನು ಮಣಿಸಲು ನೋಡಿತು. 1908ರಲ್ಲಿ ಪಿಳ್ಳೆಯವರು ಸೆರೆಮನೆ ಸೇರಿದರು, ಕಂಪನಿ ಬಾಳಲಿಲ್ಲ. ಅದೇ ಬಿರುಸಿನ ಪೈಪೋಟಿ ಸಿಂಧಿಯಾ ಕಂಪನಿಗೂ ಎದುರಾಯಿತು, ಅದು ಉಳಿದುಕೊಂಡಿತು.

ಸಿಂಧಿಯಾ ಕಂಪನಿಯ ಮುಂದಾಳುಗಳಲ್ಲಿ ಒಬ್ಬರು ವಾಲಚಂದ ಹಿರಾಚಂದರು. ಅವರು ಹುಟ್ಟಿದ್ದು ನಮ್ಮ ನೆರೆಯ ಸೊಲ್ಲಾಪುರದಲ್ಲಿ, 1882ರಲ್ಲಿ. ಶಹಾಬಾದ, ವಾಡಿಯನ್ನು ಹಾಯ್ದು ಹೋಗುವ ರೈಲುದಾರಿಯ ಮೇಲಿನ ಊರು ಅದು. ರೈಲ್ವೆ ಕಂತ್ರಾಟಿನಿಂದ ಮೇಲೆ ಬಂದ ಅವರು 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದರು. ಮರುವರ್ಷವೇ, 1941ರ ಜೂನ್ 21ರಂದು, ವಿಶಾಖಪಟ್ಟಣದಲ್ಲಿ ಸಿಂಧಿಯಾ ಹಡಗುಕಟ್ಟೆಗೆ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲು ಇಟ್ಟರು.

1942ರ ಏಪ್ರಿಲ್‌ನಲ್ಲಿ ಜಪಾನೀಯರು ಆ ಊರಿನ ಮೇಲೆ ಬಾಂಬು ಹಾಕಿದರು. ಕೆಲಸ ನಿಂತಿತು, ಯಂತ್ರಗಳನ್ನು ಮುಂಬಯಿಗೆ ಸಾಗಿಸಬೇಕಾಯಿತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಮೊದಲ ಹಡಗಿನ ಕೆಲಸಕ್ಕೆ ಕೈಹಾಕಿದರು.

ಹಡಗು ಕಟ್ಟುವ ಬಗೆ ಮನೆ ಕಟ್ಟುವಂತಲ್ಲ. ನೀರಿನ ಅಂಚಿನಲ್ಲಿ ಇಳಿಜಾರಾದ ಕಟ್ಟೆಯ ಮೇಲೆ ಮೊದಲು ತಳದ ಬೆನ್ನೆಲುಬನ್ನು ಇಡುತ್ತಾರೆ. ಅದಕ್ಕೆ ಪಕ್ಕೆಲುಬುಗಳಂತೆ ಉಕ್ಕಿನ ಚೌಕಟ್ಟುಗಳನ್ನು ನಿಲ್ಲಿಸಿ, ಮೇಲೆ ತಗಡು ಹೊದಿಸುತ್ತಾರೆ. ಒಡಲು ಸಿದ್ಧವಾದಾಗ ಜಾರುಹಾದಿಗೆ ಜಿಡ್ಡು ಸವರಿ, ತಡೆಗಳನ್ನು ತೆಗೆಯುತ್ತಾರೆ. ಹಡಗು ತನ್ನ ಭಾರದಿಂದಲೇ ಜಾರಿ ನೀರಿಗಿಳಿಯುತ್ತದೆ. ಉಳಿದ ಸಜ್ಜು ನಡೆಯುವುದು ಆಮೇಲೆ, ನೀರಿನ ಮೇಲೆ.

1948ರ ಮಾರ್ಚ್ 14ರಂದು ಜಲಉಷಾ ಹೀಗೆ ನೀರಿಗಿಳಿಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಅವರೇ ಬಂದು ಅದನ್ನು ನೀರಿಗೆ ಬಿಟ್ಟರು. ಹೆಸರಿನ ಅರ್ಥ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ: ನೀರಿನ ಮೇಲೆ ಮೂಡಿದ ಬೆಳಗು. ಅದು ಹೊರಬಲ್ಲ ಭಾರ ಸುಮಾರು 8,000 ಟನ್, ಇಂಧನ ಮತ್ತು ನೀರೂ ಸೇರಿ. ಲೆಕ್ಕ ಹಾಕಿ ನೋಡಿ: ಕ್ವಿಂಟಲ್ ತೂಕದ ತೊಗರಿಚೀಲಗಳಾದರೆ 80,000!

ಆ ದಿನ ನಮ್ಮ ಸೀಮೆ ಇನ್ನೂ ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿಯ ಕಾಗದಗಳಿಗೆ ನಿಜಾಮ ಸರ್ಕಾರದ್ದೇ ಅಂಚೆಚೀಟಿ. ಆರು ತಿಂಗಳ ಬಳಿಕ, ಸೆಪ್ಟೆಂಬರ್‌ನಲ್ಲಿ, ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. ಜಲಉಷಾದ ಚೀಟಿಯನ್ನು ಹಚ್ಚಿ ಕಾಗದ ಬರೆಯುವ ಭಾಗ್ಯ ನಮ್ಮವರಿಗೆ ಬಂದುದು ಆ ಬದಲಾವಣೆಯಿಂದಲೇ.

ಹಡಗುಕಟ್ಟೆ 1952ರಲ್ಲಿ ಹಿಂದೂಸ್ಥಾನ್ ಶಿಪ್‌ಯಾರ್ಡ್ ಎಂಬ ಹೆಸರು ಪಡೆಯಿತು. ಸರ್ಕಾರ ಅದರ ದೊಡ್ಡ ಪಾಲುದಾರನಾಯಿತು. 1961ರಲ್ಲಿ ಅದು ಪೂರ್ತಿ ಸರ್ಕಾರದ್ದಾಯಿತು. 2010ರಿಂದ ರಕ್ಷಣಾ ಇಲಾಖೆಗೆ ಸೇರಿದೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೊಳೆದಿರಬೇಕು. ಲಾಯಲ್ಟಿ ನಾವು ಕೊಂಡ ಹಡಗು, ಜಲಉಷಾ ನಾವೇ ಕಟ್ಟಿದ ಹಡಗು. ಒಂದರಿಂದ ಇನ್ನೊಂದಕ್ಕೆ ಬರಲು ದೇಶಕ್ಕೆ 29 ವರ್ಷ ಹಿಡಿಯಿತು. ಹೊರಟ ದಿನವನ್ನೂ ಮುಟ್ಟಿದ ಗುರಿಯನ್ನೂ ಆ 15 ಪೈಸೆಯ ಚೀಟಿ ಒಟ್ಟಿಗೆ ಹೊತ್ತಿದೆ.