ಬಾಗಿಲು ತೆರೆಯುವವರನ್ನು ನೆನೆಯೋಣ

ರಸ್ತೆ ಪ್ರಯಾಣವನ್ನು ಯೋಜಿಸಿ, ದಾರಿಯುದ್ದಕ್ಕೂ ಗೆಳೆಯರ ಮನೆಗಳಲ್ಲಿ ತಂಗಲು ನೆರವಾಗುವ ಮೊಬೈಲ್ ಆ್ಯಪ್ ಒಂದನ್ನು ರೂಪಿಸುವವರು ಮೊದಲು ನೆನೆಯಬೇಕಾದುದು ಯಾರನ್ನು? ಹೊರಟವರನ್ನೋ, ಬಾಗಿಲು ತೆರೆಯುವವರನ್ನೋ?

ಅಮೆರಿಕದ ಕೇಸಿ ಫೆಂಟನ್ ಐಸ್‌ಲ್ಯಾಂಡಿಗೆ ಹೊರಡುವ ಮುನ್ನ ಅಲ್ಲಿನ ಸುಮಾರು 1,500 ವಿದ್ಯಾರ್ಥಿಗಳಿಗೆ ಇ-ಮೇಲ್ ಕಳುಹಿಸಿ ತಂಗಲು ಜಾಗ ಕೋರಿದರು. ಹಲವರು ಮನೆಗೆ ಕರೆದರು. ಆ ಅನುಭವದಿಂದ 2004ರಲ್ಲಿ ಕೌಚ್‌ಸರ್ಫಿಂಗ್ ಜಾಲತಾಣ ಆರಂಭವಾಯಿತು. 2011ರಲ್ಲಿ ಅದು ಲಾಭದ ಕಂಪನಿಯಾಗಿ ಮಾರ್ಪಟ್ಟಿತು. 2020ರಲ್ಲಿ ಅನೇಕ ದೇಶಗಳ ಸದಸ್ಯರಿಗೆ ಶುಲ್ಕ ವಿಧಿಸಿತು. ವರ್ಷಗಳ ಕಾಲ ಹಣ ಪಡೆಯದೆ ಅತಿಥಿಗಳಿಗೆ ಹಾಸಿಗೆ ಹಾಸಿದವರೂ ಅದನ್ನು ತೆರಬೇಕಾಯಿತು.

ಮನುಷ್ಯನನ್ನು ಕೇವಲ ಸಾಧನವನ್ನಾಗಿ ಬಳಸಲಾಗದು ಎಂದರು ತತ್ತ್ವಜ್ಞಾನಿ ಕಾಂಟ್. ನಕ್ಷೆಯಲ್ಲಿ ಗೆಳೆಯನ ಮನೆಯು ಪೆಟ್ರೋಲ್ ಬಂಕಿನಂತೆ ಒಂದು ಚುಕ್ಕಿಯಾದರೆ ಆಗುವುದು ಅದೇ. ಆದುದರಿಂದ ಒಪ್ಪಿಗೆಯಿಲ್ಲದೆ ಯಾರ ವಿಳಾಸವನ್ನೂ ತೋರಿಸಬಾರದು. ಬರುವ ದಿನದೊಡನೆ ಹೊರಡುವ ದಿನವನ್ನೂ ಜೊತೆಗಾರರ ಸಂಖ್ಯೆಯನ್ನೂ ಮುಂಚಿತವಾಗಿ ತಿಳಿಸಬೇಕು. ಮನೆಯಲ್ಲಿ ಕಾಯಿಲೆಯೋ ಮಕ್ಕಳ ಪರೀಕ್ಷೆಯೋ ಇದ್ದಾಗ, ಕಾರಣ ವಿವರಿಸದೆಯೇ ‘ಈ ಸಲ ಆಗದು’ ಎನ್ನಲು ಅವಕಾಶವಿರಬೇಕು.

ಯುವಮಿತ್ರರೇ, ಗೆಳೆಯನ ಮನೆಯು ಬಾಡಿಗೆಯಿಲ್ಲದ ಲಾಡ್ಜ್ ಅಲ್ಲ. ‘ಆಗದು’ ಎನ್ನುವ ಸ್ವಾತಂತ್ರ್ಯವಿದ್ದಲ್ಲಿ ಮಾತ್ರವೇ ‘ಬನ್ನಿ’ ಎಂಬ ಮಾತಿಗೆ ಬೆಲೆ.